ನಾಲ್ಕು ಔನ್ಸಿನ ಚಾಕು: ಸ್ಮೋಕಿ ಬೆಟ್ಟಗಳ ಹೊರೇಸ್ ಕೆಫಾರ್ಟ್

ಉತ್ತರ ಕೆರೊಲಿನಾದ ಷಾರ್ಲಟ್ ಸುತ್ತಮುತ್ತ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ, ರಜೆ ಸಿಕ್ಕಾಗ ಪಶ್ಚಿಮದ ಗ್ರೇಟ್ ಸ್ಮೋಕಿ ಪರ್ವತಗಳಿಗೆ ಹೋಗಿ ಡೇರೆ ಹಾಕಿ ತಂಗುವುದು ಒಂದು ರೂಢಿಯೇ ಆಗಿದೆ. ಓದಿಗೋ ಉದ್ಯೋಗಕ್ಕೋ ಊರಿನಿಂದ ಹೊಸದಾಗಿ ಬಂದ ತರುಣರು ಈ ತಂಡಗಳನ್ನು ಸೇರಿಕೊಂಡಾಗ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಕಾಡಿಗೆ ಎಂಥ ಚಾಕು ಕೊಳ್ಳಬೇಕು? ಅವರ ಕಣ್ಣು ಹೋಗುವುದು ಸಿನಿಮಾ ನಾಯಕನ ಕೈಯಲ್ಲಿ ಮೆರೆಯುವ, ಬೆನ್ನಿನ ಮೇಲೆ ಗರಗಸದ ಹಲ್ಲುಗಳಿರುವ ಉದ್ದನೆಯ ಅಲಗಿನ ಕಡೆಗೆ. ಮಗ ಕರಡಿಯ ಕಾಡಿಗೆ ಹೋಗುತ್ತಾನೆಂದು ತಿಳಿದ ಊರಿನ ತಂದೆತಾಯಿಗಳಿಗೂ ಕತ್ತಿ ದೊಡ್ಡದಾಗಿದ್ದಷ್ಟು ಸಮಾಧಾನ. ಇಂಥ ಸಂದರ್ಭಗಳಲ್ಲಿ ನಾನು ಹೇಳುವುದು, ಇದೇ ಬೆಟ್ಟಗಳಲ್ಲಿ ಬದುಕಿ ಇಲ್ಲಿಯೇ ಮಣ್ಣಾದ ಹೊರೇಸ್ ಕೆಫಾರ್ಟ್ ಅವರ ಜೀವನಕಥೆಯನ್ನು. ಅಮೆರಿಕದಲ್ಲಿ ಕಾಡಿನ ವಾಸವನ್ನು ಒಂದು ವಿದ್ಯೆಯಾಗಿ ಬರೆದಿಟ್ಟವರಲ್ಲಿ ಅವರು ಅಗ್ರಗಣ್ಯರು.

ಕೆಫಾರ್ಟ್ ಹುಟ್ಟಿದ್ದು 1862ರ ಸೆಪ್ಟೆಂಬರ್ 8ರಂದು, ಪೆನ್ಸಿಲ್ವೇನಿಯಾದಲ್ಲಿ. ಬಾಲ್ಯ ಕಳೆದದ್ದು ಐಯೋವಾದ ಹುಲ್ಲುಗಾವಲುಗಳ ನಡುವೆ. ಪುಸ್ತಕವೇ ಅವರ ವೃತ್ತಿಯಾಯಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯದ ಕೆಲಸ ಕಲಿತರು, ಇಟಲಿಯಲ್ಲಿ ಪೆಟ್ರಾರ್ಕ್ ಕವಿಯ ಗ್ರಂಥಸಂಗ್ರಹದ ಕಾರ್ಯದಲ್ಲಿ ನೆರವಾದರು, ಯೇಲ್‌ನಲ್ಲಿ ದುಡಿದರು. 1890ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಸೇಂಟ್ ಲೂಯಿಸ್ ನಗರದ ಮರ್ಕಂಟೈಲ್ ಗ್ರಂಥಾಲಯದ ಮುಖ್ಯಸ್ಥರಾದರು. ಪತ್ನಿ ಲಾರಾ ಮ್ಯಾಕ್, ಆರು ಮಂದಿ ಮಕ್ಕಳು, ಗೌರವದ ಹುದ್ದೆ. ಹೊರಗಿನಿಂದ ನೋಡಿದವರಿಗೆ ಯಾವ ಕೊರತೆಯೂ ಕಾಣದ ಬದುಕು ಅದು.

ಆದರೆ ಒಳಗೆ ಅದು ಸಡಿಲಗೊಳ್ಳುತ್ತಿತ್ತು. ಬಿಡುವು ದೊರೆತಾಗಲೆಲ್ಲ ಅವರು ಒಂಟಿಯಾಗಿ ಕಾಡಿಗೆ ಹೋಗತೊಡಗಿದರು. ಮದ್ಯದ ಚಟ ಹೆಚ್ಚಿತು. 1903ರಲ್ಲಿ ಹುದ್ದೆ ಕೈತಪ್ಪಿತು. 1904ರಲ್ಲಿ ಮನಸ್ಸಿನ ಸ್ಥಿಮಿತವೇ ಕುಸಿದು, ಆ ಸುದ್ದಿ ಪತ್ರಿಕೆಗಳಿಗೂ ಏರಿತು. ಲಾರಾ ಮಕ್ಕಳನ್ನು ಕರೆದುಕೊಂಡು ನ್ಯೂಯಾರ್ಕ್ ರಾಜ್ಯದ ಇಥಾಕಾಕ್ಕೆ ಮರಳಿದರು. ಕೆಲಕಾಲ ತಂದೆಯ ಮನೆಯಲ್ಲಿ ಸುಧಾರಿಸಿಕೊಂಡ ಕೆಫಾರ್ಟ್, ಅದೇ ವರ್ಷ ಸ್ಮೋಕಿ ಪರ್ವತಗಳನ್ನು ಹುಡುಕಿಕೊಂಡು ಬಂದು, ಹೇಜಲ್ ಕ್ರೀಕ್ ಎಂಬ ತೊರೆಯ ಕಣಿವೆಯ ಪಾಳುಗುಡಿಸಲೊಂದರಲ್ಲಿ ಸುಮಾರು ಮೂರು ವರ್ಷ ನೆಲೆಸಿದರು. ಆಗ ಅವರ ವಯಸ್ಸು 42. ಅಡುಗೆ, ಸೌದೆ, ಬೇಟೆ, ಬಟ್ಟೆಯ ದುರಸ್ತಿ ಎಲ್ಲವೂ ಅವರದೇ ಕೈಕೆಲಸ. 1906ರಲ್ಲಿ ಪ್ರಕಟವಾದ ಅವರ ಶಿಬಿರವಾಸದ ಗ್ರಂಥವು ಈ ಅನುಭವದಿಂದ ಕಸುವು ಪಡೆದದ್ದು. ಅದೇ ಗ್ರಂಥವು ಮುಂದೆ ಎರಡು ಸಂಪುಟಗಳಾಗಿ ವಿಸ್ತಾರಗೊಂಡು ಇಂದಿಗೂ ಮುದ್ರಣದಲ್ಲಿದೆ.

ಚಾಕುವಿನ ವಿಷಯ ಬರುವುದು ಇಲ್ಲಿಯೇ. ಆ ಕಾಲದ ಅಂಗಡಿಗಳಲ್ಲಿ ಬೇಟೆಯ ಚಾಕು ಎಂದರೆ ಬೋವಿ ಮಾದರಿಯ ದಪ್ಪ ಆಯುಧ. ಅಗ್ಗದ ಸಾಹಸಕಥೆಗಳ ಮುಖಪುಟಕ್ಕೆ ಅದು ಶೋಭೆಯೇ ಹೊರತು, ಕಡ್ಡಿ ಹೆರೆಯಲು ತೀರಾ ದಪ್ಪ, ಚರ್ಮ ಸುಲಿಯಲು ಒರಟು, ಅಡುಗೆಗೂ ಊಟಕ್ಕೂ ಅದರ ಚೂಪು ಮೊನೆ ಅಡ್ಡಿ ಎಂಬುದು ಕೆಫಾರ್ಟ್ ಅವರ ತೀರ್ಮಾನ. ಅವರು ಮೆಚ್ಚಿದ್ದು ಹಳ್ಳಿಯ ಕಮ್ಮಾರನೊಬ್ಬನಿಂದ ಹೇಳಿ ಮಾಡಿಸಿದ, ನೋಟಕ್ಕೆ ಏನೂ ಚೆಲುವಿಲ್ಲದ ಚಾಕುವನ್ನು. ಅಲಗು 4.25 ಅಂಗುಲ, ಹಿಡಿಯೂ ಅಷ್ಟೇ ಉದ್ದ. ಅಗಲ ಒಂದಂಗುಲ, ಬೆನ್ನಿನ ದಪ್ಪ ಅಂಗುಲದ ಎಂಟನೆಯ ಒಂದು ಭಾಗ. ಅಲಗಿನ ಉಕ್ಕು ಹಿಡಿಯೊಳಗೂ ಮುಂದುವರಿದು ಮೊಳೆಗಳಿಂದ ಬಿಗಿಗೊಂಡಿತ್ತು. ಹಿಡಿ ಹಗುರವಾದರೂ ಗಟ್ಟಿಯಾದ ಮರದ್ದು, ಅಂಗೈಗೆ ಬೊಬ್ಬೆ ಬಾರದಂತೆ ಅಂಡಾಕಾರದ್ದು. ಒಟ್ಟು ತೂಕ ನಾಲ್ಕೇ ಔನ್ಸು, ಎಂದರೆ ಸುಮಾರು 113 ಗ್ರಾಂ.

ಅದರ ಹದದ ವಿಷಯದಲ್ಲಿ ಅವರ ವಿವೇಚನೆ ಇನ್ನೂ ಸೂಕ್ಷ್ಮವಾದದ್ದು. ಹಸಿ ಮರವನ್ನು ಕೊಯ್ಯುವಷ್ಟು ಗಟ್ಟಿ ಇರಬೇಕು. ಆದರೆ ಗಂಟಿಗೋ ಮೂಳೆಗೋ ತಾಗಿದಾಗ ಬಾಯಿ ಒಡೆದು ಹಲ್ಲು ಬೀಳಬಾರದು, ಬೇಕಾದರೆ ತುಸು ಮಡಿಚಿಕೊಳ್ಳಲಿ. ಮಡಿಚಿದ ಬಾಯಿಯನ್ನು ಸಾಣೆಕಲ್ಲು ಸರಿಪಡಿಸುತ್ತದೆ, ಒಡೆದದ್ದನ್ನು ಕಾಡಿನ ನಡುವೆ ಸರಿಪಡಿಸುವುದು ಸುಲಭವಲ್ಲ. ಕುಲುಮೆಯಲ್ಲಿ ಹೇಳಿ ಮಾಡಿಸಿದ ಕತ್ತಿಯನ್ನು ವರ್ಷಗಟ್ಟಲೆ ಮಸೆದು ಬಳಸುವ ನಮ್ಮ ಮಲೆನಾಡಿನ ಕೃಷಿಕರಿಗೆ ಈ ಮಾತು ಬಿಡಿಸಿ ಹೇಳಬೇಕಾದದ್ದೇನೂ ಅಲ್ಲ. ಸೌದೆ ಒಡೆಯುವ ಭಾರದ ಕೆಲಸವನ್ನು ಕೆಫಾರ್ಟ್ ಚಾಕುವಿಗೆ ಹೊರಿಸಲೇ ಇಲ್ಲ. ಅದಕ್ಕೆ ಪುಟ್ಟ ಕೊಡಲಿ ಇತ್ತು. ಶತ್ರುವನ್ನು ಕಲ್ಪಿಸಿಕೊಂಡು ಅವರು ಚಾಕು ಆರಿಸಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ತಮ್ಮ ಕೈ ನಿಜವಾಗಿ ಮಾಡುವ ಕೆಲಸಗಳನ್ನು ಎಣಿಸಿ ಆರಿಸಿದರು.

ಇಂದು ಬುಷ್‌ಕ್ರಾಫ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಮಡಚದ ಚಾಕುಗಳನ್ನು ಆರಿಸುವಾಗಲೂ ಈ ಲೆಕ್ಕವೇ ಸಾಕು. ನಾಲ್ಕರಿಂದ ಐದು ಅಂಗುಲದ, ನೇರ ಬೆನ್ನಿನ ಅಲಗು. ಹಿಡಿಯ ತುದಿಯವರೆಗೆ ಒಂದೇ ಉಕ್ಕಾಗಿ ಸಾಗುವ ಪೂರ್ಣ ಟ್ಯಾಂಗ್. ಬಾಗಿದಾಗ ಜಾರಿಬೀಳದ ಬಿಗಿಯಾದ ಒರೆ. ಕಾರ್ಬನ್ ಉಕ್ಕು ಬೇಗ ಹರಿತಗೊಳ್ಳುತ್ತದೆ, ಆದರೆ ಒರೆಸಿಡದಿದ್ದರೆ ತುಕ್ಕು ಹಿಡಿಯುತ್ತದೆ. ಮಳೆ ಮಂಜಿನ ಸ್ಮೋಕಿಯಲ್ಲಿ ಅಷ್ಟು ಆರೈಕೆ ಮಾಡಲಾರದವರಿಗೆ ಸ್ಟೇನ್‌ಲೆಸ್ ಉತ್ತಮ. ಕೆಫಾರ್ಟ್ ಹೆಸರಿನ ಮಾದರಿಯನ್ನು ಹಲವು ಕಂಪನಿಗಳು ಈಗಲೂ ತಯಾರಿಸುತ್ತವೆ. ಸ್ವೀಡನ್ನಿನ ಮೋರಾ ಪಟ್ಟಣದ ಹೆಸರು ಹೊತ್ತ ಅಗ್ಗದ ಚಾಕುಗಳಲ್ಲಿ ಹೆಚ್ಚಿನವಕ್ಕೆ ಪೂರ್ಣ ಟ್ಯಾಂಗ್ ಇಲ್ಲದಿದ್ದರೂ ಹೊಸಬರಿಗೆ ಧಾರಾಳವಾಗಿ ಸಾಕು. ಇನ್ನು ಕರಡಿ. ಸ್ಮೋಕಿಯಲ್ಲಿ ಸುಮಾರು 1,900 ಕಪ್ಪು ಕರಡಿಗಳಿವೆ. ಅವುಗಳಿಂದ ರಕ್ಷಣೆ ಕತ್ತಿಯಿಂದಲ್ಲ. ಆಹಾರವನ್ನು ಶಿಬಿರದ ತಂತಿಗೆ ಎತ್ತರದಲ್ಲಿ ತೂಗುಹಾಕುವುದರಿಂದ, ಕನಿಷ್ಠ 50 ಗಜ ದೂರ ಉಳಿಯುವುದರಿಂದ. ಉದ್ಯಾನದಲ್ಲಿ ಹಸಿ ಮರ ಕಡಿಯುವುದೂ ನಿಷಿದ್ಧವಾದ್ದರಿಂದ ದೊಡ್ಡ ಅಲಗಿಗೆ ಅಲ್ಲಿ ಕೆಲಸವೇ ಇಲ್ಲ.

ಹೊರಡುವ ಸಿದ್ಧತೆಯಲ್ಲಿರುವವರು ಕಾನೂನನ್ನೂ ಗಮನಿಸಬೇಕು. ಚಾಕುವನ್ನು ವಿಮಾನದ ಕೈಚೀಲದಲ್ಲಿ ಒಯ್ಯುವಂತಿಲ್ಲ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಮೂರು ಅಂಗುಲ ಮೀರದ ಮಡಚುವ ಚಾಕುವಿಗೆ ವಿನಾಯಿತಿ ಇದೆ. ಮಡಚದ ಚಾಕುವನ್ನು ಸಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳುವುದು ಅಪರಾಧ. ಆದುದರಿಂದ ಊರಿನಿಂದ ಹೊತ್ತು ತರುವ ಬದಲು, ಹೋದ ನೆಲದ ನಿಯಮ ತಿಳಿದು ಅಲ್ಲಿಯೇ ಕೊಳ್ಳುವುದು ಲೇಸು.

1910ರಿಂದ ಕೆಫಾರ್ಟ್ ಬ್ರೈಸನ್ ಸಿಟಿ ಎಂಬ ಸಣ್ಣ ಪಟ್ಟಣದಲ್ಲಿ ನೆಲೆಯಾದರು. ಬೆಟ್ಟದ ಜನರ ಬದುಕನ್ನು ಕುರಿತ ಅವರ ಗ್ರಂಥ 1913ರಲ್ಲಿ ಹೊರಬಂತು. ಅಷ್ಟರಲ್ಲಿ ಮರದ ಕಂಪನಿಗಳು ರೈಲುಹಳಿ ಹಾಕಿಕೊಂಡು ಕಣಿವೆಗಳನ್ನು ಬೋಳಿಸತೊಡಗಿದ್ದವು. ತನ್ನನ್ನು ಬದುಕಿಸಿದ ಕಾಡು ಕಣ್ಣೆದುರೇ ಅಳಿಯುವುದನ್ನು ಕಂಡು, 1920ರ ದಶಕದಲ್ಲಿ ಅವರು ರಾಷ್ಟ್ರೀಯ ಉದ್ಯಾನಕ್ಕಾಗಿ ಲೇಖನಿ ಹಿಡಿದು ಹೋರಾಡಿದರು. ಜೊತೆಗಿದ್ದವರು ಜಾರ್ಜ್ ಮಾಸಾ. ಜಪಾನಿನಲ್ಲಿ ಹುಟ್ಟಿ, ಆ್ಯಶ್‌ವಿಲ್ ನಗರದಲ್ಲಿ ಛಾಯಾಗ್ರಾಹಕರಾಗಿ ನೆಲೆಸಿದ ವಲಸಿಗ. ಒಬ್ಬರು ಬರೆದರು, ಇನ್ನೊಬ್ಬರು ಭಾರವಾದ ಕ್ಯಾಮೆರಾ ಹೊತ್ತು ಶಿಖರಗಳನ್ನೇರಿದರು. ಹೊರಗಿನಿಂದ ಬಂದ ಇಬ್ಬರು ಒಂದು ನೆಲವನ್ನು ಹೀಗೆ ತಮ್ಮದಾಗಿಸಿಕೊಂಡ ಬಗೆ ನನ್ನಂಥ ವಲಸಿಗನಿಗೆ ಬಹಳ ಆಪ್ತವಾದದ್ದು.

ಆದರೂ ಈ ಕಥೆಯನ್ನು ಕೇವಲ ಸಾಹಸಗಾಥೆಯಾಗಿ ಹೇಳಲು ನನಗೆ ಮನಸ್ಸು ಬಾರದು. 1931ರ ಏಪ್ರಿಲ್ 2ರಂದು ಬ್ರೈಸನ್ ಸಿಟಿಯ ಸಮೀಪ ನಡೆದ ಕಾರು ಅಪಘಾತದಲ್ಲಿ ಕೆಫಾರ್ಟ್ ತೀರಿಕೊಂಡರು. ಉದ್ಯಾನ ಸ್ಥಾಪನೆಯಾದದ್ದು 1934ರಲ್ಲಿ. ಅದನ್ನು ಅವರು ಕಾಣಲಿಲ್ಲ. ಅದಕ್ಕಾಗಿ ಸಾವಿರಕ್ಕೂ ಹೆಚ್ಚು ಕುಟುಂಬಗಳು ತಲೆತಲಾಂತರದ ಹೊಲಮನೆಗಳನ್ನು ಬಿಟ್ಟು ಹೋಗಬೇಕಾಯಿತು. ಅವರು ಯಾರ ಬದುಕನ್ನು ಬರೆದು ಹೆಸರಾದರೋ ಅಂಥವರೇ ಎದ್ದು ನಡೆದರು. ಇಥಾಕಾದಲ್ಲಿ ಲಾರಾ ಆರು ಮಕ್ಕಳನ್ನು ಬೆಳೆಸಿದರು. ದಂಪತಿಗಳ ಸಂಸಾರ ಮತ್ತೆ ಶಾಶ್ವತವಾಗಿ ಒಂದಾಗಲೇ ಇಲ್ಲ. ಚೀಲದಲ್ಲಿನ ಪ್ರತಿ ವಸ್ತುವನ್ನೂ ಔನ್ಸುಗಳಲ್ಲಿ ತೂಗಿ ನೋಡಿದ ಮನುಷ್ಯ ಬಿಟ್ಟುಬಂದದ್ದರ ತೂಕ ಅವರ ಯಾವ ಪಟ್ಟಿಯಲ್ಲೂ ಸೇರಿಲ್ಲ. ದೂರದೇಶಕ್ಕೆ ಬಂದ ನಾವು ಅವರನ್ನು ತೀರ್ಪಿನ ಕಟ್ಟೆಗೆ ಎಳೆಯಬೇಕಿಲ್ಲ. ಆದರೆ ಬಿಟ್ಟುಬಂದವರಿಗೂ ಉಳಿದವರಿಗೂ ಈ ಭಾಗ ಚಾಕುವಿನ ಭಾಗಕ್ಕಿಂತ ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ.

ಇಂದು ವರ್ಷಕ್ಕೆ 1.2 ಕೋಟಿಗೂ ಹೆಚ್ಚು ಭೇಟಿಗಳನ್ನು ಕಾಣುವ ಈ ಉದ್ಯಾನದಲ್ಲಿ 6,217 ಅಡಿ ಎತ್ತರದ ಶಿಖರವೊಂದು ಕೆಫಾರ್ಟ್ ಹೆಸರಿನಲ್ಲಿದೆ. ಪಕ್ಕದಲ್ಲಿಯೇ ಮಾಸಾ ಹೆಸರಿನ ಶಿಖರ. ಅಲ್ಲಿಗೆ ಹೊರಡುವ ತರುಣರಿಗೆ ನನ್ನ ಸಲಹೆ ಇಷ್ಟು: ಚಾಕು ಸಣ್ಣದಿರಲಿ, ಹರಿತವಾಗಿರಲಿ. ತಂಗುವ ಜಾಗವನ್ನೂ ಮರಳುವ ದಿನವನ್ನೂ ಊರಿನವರಿಗೆ ಮೊದಲೇ ತಿಳಿಸಿ. ಆ ಕಣಿವೆಗಳಲ್ಲಿ ಬಹಳ ಕಡೆ ಫೋನಿಗೆ ಸಂಕೇತ ಸಿಗದು. ಊರಿನಲ್ಲಿರುವ ಹಿರಿಯರೇ, ಮಗನೋ ಮಗಳೋ ಎರಡು ದಿನ ಮಾತಿಗೆ ಸಿಗದಿದ್ದರೆ ಗಾಬರಿಯಾಗಬೇಡಿ. ಹೇಳಿಹೋದ ದಿನಕ್ಕೆ ಬೆಟ್ಟವಿಳಿದು ಬಂದ ಕೂಡಲೇ ಅವರು ಕರೆ ಮಾಡುತ್ತಾರೆ. ಮಾಡುವಂತೆ ನಾವೂ ನೆನಪಿಸುತ್ತೇವೆ.