ಕೈ ಸೋತರೂ ನಿಲ್ಲದ ಸಂಗೀತ

ವಯೋಲಾ ಎಂದರೆ ಪಿಟೀಲಿಗಿಂತ ತುಸು ದೊಡ್ಡದಾದ, ತಗ್ಗು ದನಿಯ ವಾದ್ಯ. ವಯೋಲಾ ಮತ್ತು ಪಿಯಾನೋ ಜೊತೆಯಾಗಿ ನುಡಿಸುವ ಯುವ ಕಲಾವಿದರು ಇಂದಿಗೂ ಆರಿಸಿಕೊಳ್ಳುವ ಒಂದು ಕೃತಿ ರಷ್ಯಾದ ಡಿಮಿಟ್ರಿ ಶೊಸ್ತಕೋವಿಚ್ ಅವರದು. ಅವರ ಬದುಕನ್ನು ನಿಮಗೆ ಹೇಳಬೇಕೆನಿಸಿತು.

ಅವರು 1906ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜನಿಸಿದರು. ತಾಯಿಯೇ ಮೊದಲ ಪಿಯಾನೋ ಗುರು. 1922ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ 15 ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಓದು ಬಿಡಲಿಲ್ಲ, ಮನೆಯ ಖರ್ಚಿಗಾಗಿ ಚಿತ್ರಮಂದಿರಗಳಲ್ಲಿ ಮೂಕಿ ಚಿತ್ರಗಳಿಗೆ ಪಿಯಾನೋ ನುಡಿಸಿದರು. ಪದವಿಗಾಗಿ ಬರೆದ ಮೊದಲ ಸಿಂಫನಿ 1926ರಲ್ಲಿ, 19ನೇ ವಯಸ್ಸಿನಲ್ಲೇ, ಹೆಸರು ತಂದಿತು. 1936ರಲ್ಲಿ ಪ್ರಾವ್ದಾ ಪತ್ರಿಕೆ ಅವರ ಒಪೆರಾವನ್ನು ಕಟುವಾಗಿ ಖಂಡಿಸಿತು. ಸ್ಟಾಲಿನ್ ಕಾಲದಲ್ಲಿ ಅದು ಪ್ರಾಣಕ್ಕೇ ಕುತ್ತು ತರಬಹುದಿತ್ತು. ಆದರೂ ಅವರು ಬರೆಯುತ್ತಲೇ ಹೋದರು.

ಕೊನೆಯ ವರ್ಷಗಳಲ್ಲಿ, ಅಂದು ಮನೆಗೆ ಅನ್ನ ತಂದಿದ್ದ ಬಲಗೈಯೇ ಸೋತಿತು. 1975ರ ಬೇಸಿಗೆಯಲ್ಲಿ ವಯೋಲಾ ಸೊನಾಟಾ ಬರೆದು ಮುಗಿಸಿದರು. ಅದರ ಕೊನೆಯ ಭಾಗದಲ್ಲಿ ಬೀಥೋವನ್‌ರ ಮೂನ್‌ಲೈಟ್ ಸೊನಾಟಾದ ನೆರಳಿದೆ. ಆಗಸ್ಟ್ 9ರಂದು ಅವರು ನಿಧನರಾದರು. ಕೃತಿ ಸಭಿಕರ ಮುಂದೆ ಮೊಳಗಿದ್ದು ಅಕ್ಟೋಬರ್‌ನಲ್ಲಿ.

ಕಾಲೇಜು ಮುಗಿಸಿ ಅಂಗಡಿಗೆ, ಗ್ಯಾರೇಜಿಗೆ ಕೆಲಸಕ್ಕೆ ಹೋಗುವವರು ನಮ್ಮ ತರಗತಿಯಲ್ಲೂ ಇದ್ದಾರೆ. ದುಡಿಯುತ್ತಲೇ ಓದಿದ ಆ ಹುಡುಗನ ಕಥೆ ಅವರಿಗೆ ತಲುಪಲಿ ಎಂಬುದು ನನ್ನ ಆಸೆ.