ಕೈದಿಯಾಗಿ ಬಂದ ಊರಿಗೆ ಸೇನಾನಿಯಾಗಿ

ಎಂಟನೇ ತರಗತಿಯಲ್ಲಿದ್ದಾಗ ಶಾಲೆಯ ಪ್ರವಾಸದಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಕರ್ನಲ್ ಬೈಲಿ ಬಂದೀಖಾನೆಯ ಗೋಡೆಯ ಕಲ್ಲುಚಪ್ಪಡಿಗಳಲ್ಲಿ ಸರಪಳಿ ಕಟ್ಟಲು ತೂತುಗಳಿವೆಯಲ್ಲ, ಅವಕ್ಕೆ ಕೈಚಾಚಿ ನಿಂತು ನಾವು ಕೈದಿಗಳ ಆಟ ಆಡಿದೆವು. ಸಮಾಜ ಮೇಷ್ಟ್ರು ಗದರಲಿಲ್ಲ. ಈ ಊರಲ್ಲಿ ನಿಜವಾಗಿ ಸೆರೆಯಲ್ಲಿದ್ದವರು ಯಾರೆಂದು ಗೊತ್ತೇ ಎಂದಷ್ಟೇ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ಮೇಲೆ ಆ ಉತ್ತರ ಹುಡುಕಿದಾಗ ಸಿಕ್ಕವನು ಡೇವಿಡ್ ಬೇರ್ಡ್.

ಬೇರ್ಡ್ ಹುಟ್ಟಿದ್ದು 1757ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಅಲ್ಲಿನ ಗುಡ್ಡಗಾಡು ಸೀಮೆಯಾದ ಹೈಲ್ಯಾಂಡ್ಸ್‌ನ ಜನರನ್ನು ಸೇರಿಸಿ ಲಾರ್ಡ್ ಮೆಕ್ಲೌಡ್ 73ನೇ ಪದಾತಿ ದಳ ಕಟ್ಟಿದಾಗ ಅದರಲ್ಲಿ ಕ್ಯಾಪ್ಟನ್ ಆದ. ಈ ಮೆಕ್ಲೌಡ್ 1745ರ ದಂಗೆಯಲ್ಲಿ ಬ್ರಿಟಿಷ್ ದೊರೆಯ ವಿರುದ್ಧ ನಿಂತ ಮನೆತನದವನು. ಕಳೆದುಹೋದ ಮಾನ, ಆಸ್ತಿಗಳನ್ನು ಮರಳಿ ಪಡೆಯಲು ಅದೇ ರಾಜಮನೆತನಕ್ಕೆ ಸೈನ್ಯ ಕಟ್ಟಿಕೊಟ್ಟಿದ್ದ.

ದಳ 1780ರಲ್ಲಿ ಮದ್ರಾಸಿಗೆ ಬಂತು. ಅದೇ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿತು. ಗಾಯಗೊಂಡ ಬೇರ್ಡ್ ಸೆರೆಸಿಕ್ಕಿ ಶ್ರೀರಂಗಪಟ್ಟಣ ಸೇರಿದ. ಕಾಲಿಗೆ ಬೇಡಿ, ಸುತ್ತ ಕಾಯಿಲೆ, ಸಾವು. ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಕೈದಿಗಳನ್ನು ಇಬ್ಬಿಬ್ಬರಂತೆ ಬಿಗಿದಿದ್ದಾರೆಂಬ ಸುದ್ದಿ ಊರು ಮುಟ್ಟಿದಾಗ ಬೇರ್ಡನ ತಾಯಿ, ತನ್ನ ಮಗನ ಜೊತೆ ಕಟ್ಟಿಸಿಕೊಂಡವನ ಗತಿ ನೆನೆದು ಮರುಗಿದಳಂತೆ. ಮಗನ ಸ್ವಭಾವ ತಾಯಿಗಲ್ಲದೆ ಇನ್ಯಾರಿಗೆ ಗೊತ್ತು! 1784ರ ಮಂಗಳೂರು ಒಪ್ಪಂದದ ನಂತರ ಬಿಡುಗಡೆಯಾಯಿತು. ಮೂರೂವರೆ ವರ್ಷ ಕಳೆದಿತ್ತು.

1799ರ ಮೇ 4ರ ಮಧ್ಯಾಹ್ನ ಕಾವೇರಿ ದಾಟಿ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಇದೇ ಬೇರ್ಡ್. ಆ ಹೊಣೆಯನ್ನು ತಾನೇ ಕೇಳಿ ಪಡೆದಿದ್ದ. ಟಿಪ್ಪು ಹೋರಾಡುತ್ತಲೇ ಮಡಿದ. ಅರಮನೆಯಲ್ಲಿದ್ದ ಟಿಪ್ಪುವಿನ ಮಕ್ಕಳಿಗೆ ಬೇರ್ಡ್ ಅಭಯ ಕೊಟ್ಟ, ಹಳೆಯ ಸೇಡು ತೀರಿಸಿಕೊಳ್ಳಲಿಲ್ಲ. ಆದರೆ ಆ ರಾತ್ರಿ ಅವನ ಸೈನಿಕರು ಊರನ್ನು ದೋಚಿದರು. ಆ ಎರಡನ್ನೂ ಒಟ್ಟಿಗೇ ಓದಬೇಕು ಎಂದು ನನಗನ್ನಿಸುತ್ತದೆ. ಅರಮನೆಗೆ ಸಿಕ್ಕ ಅಭಯ ಬೀದಿಯ ಮನೆಗಳಿಗೆ ಸಿಗಲಿಲ್ಲ.

ಗೆದ್ದ ಊರಿನ ಅಧಿಕಾರವೂ ಅವನಿಗೆ ದಕ್ಕಲಿಲ್ಲ. ಕಿರಿಯನಾದ ಆರ್ಥರ್ ವೆಲ್ಲೆಸ್ಲಿಯ ಪಾಲಾಯಿತು. ಆ ನೋವು ಬೇರ್ಡನಿಗೆ ಮಾಸಲಿಲ್ಲ. ಮುಂದೆ 1809ರಲ್ಲಿ ಸ್ಪೇನಿನ ಕೊರುನ್ನಾ ಯುದ್ಧದಲ್ಲಿ ಎಡಗೈ ಕಳೆದುಕೊಂಡು, 1829ರಲ್ಲಿ ತೀರಿಕೊಂಡ. ಅವನ ಹಳೆಯ ದಳ ಮುಂದೆ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಎಂದು ಹೆಸರಾಯಿತು.

ಹೋದ ವರ್ಷ ಮಗಳನ್ನು ಬಂದೀಖಾನೆಗೆ ಕರೆದೊಯ್ದೆ. ಅವಳೂ ತೂತಿಗೆ ಕೈಚಾಚಿ ನಿಂತಳು. ನಾನೂ ಗದರಲಿಲ್ಲ, ಮೇಷ್ಟ್ರ ಪ್ರಶ್ನೆಯನ್ನೇ ಕೇಳಿದೆ. ಐವತ್ತು ತುಂಬಿದ ನಮ್ಮ ಶಾಲೆಯಲ್ಲಿ ಅಂಥ ಪ್ರಶ್ನೆಗಳು ಇನ್ನೂ ಹುಟ್ಟುತ್ತಿರಲಿ.