ತಂತಿ ಹೆಚ್ಚಿಸಿದರೆ ಸದ್ದು ದುಪ್ಪಟ್ಟಾಗುತ್ತದೆಯೇ? ಪಿಟೀಲು ಚೌಡಯ್ಯನವರ ಬದುಕು ಹೇಳುವುದೇನು?

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಗಣೇಶನ ಹಬ್ಬ ಬಂದರೆ ಆರ್ಕೆಸ್ಟ್ರಾ ಇರಲೇಬೇಕು. ಅಲ್ಲಿ ನುಡಿಸುವ ಹಳೆಯ ಬೇಸ್ ಗಿಟಾರ್‌ಗಳನ್ನು ಎಷ್ಟೋ ಸಲ ಹುಡುಗರೇ ಮನೆಯಲ್ಲಿ ಬಿಚ್ಚಿ ಸರಿಮಾಡುತ್ತಾರೆ. ಈ ವಿಷಯದಲ್ಲಿ ಎರಡು ನಂಬಿಕೆಗಳಿವೆ. ಹಳೆಯ ವಾದ್ಯಕ್ಕೆ ಕೈ ಹಾಕಿದರೆ ಅದು ಕೆಟ್ಟಿತು ಎನ್ನುವುದು ಒಂದು. ತಂತಿ ಜಾಸ್ತಿಯಾದಷ್ಟೂ ಸದ್ದು ಜಾಸ್ತಿ ಎನ್ನುವುದು ಇನ್ನೊಂದು. ಇವೆರಡನ್ನೂ ಪರೀಕ್ಷಿಸಲು ನಾವು ನಮ್ಮ ನಾಡಿನ ಒಬ್ಬ ದೊಡ್ಡ ಕಲಾವಿದರ ಬದುಕನ್ನೇ ನೋಡೋಣ.

ತಿರುಮಕೂಡಲು ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ. ಊರು, ಟಿ. ನರಸೀಪುರದ ಬಳಿ ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲು. ಹದಿಹರೆಯದಲ್ಲೇ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳದು ಕಠಿಣ ಶಿಸ್ತು. ಹಲವು ವರ್ಷಗಳ ಸಾಧನೆಯ ನಂತರ ಅವರು ಪಕ್ಕವಾದ್ಯಗಾರರಾಗಿ ಹೆಸರು ಮಾಡಿದರು.

ಅವರ ಕೈಯಲ್ಲಿದ್ದ ಪಿಟೀಲು ಅದಕ್ಕೂ ಮೊದಲೇ ಬದಲಾವಣೆ ಕಂಡ ವಾದ್ಯ. ಯುರೋಪಿನಲ್ಲಿ ಅದನ್ನು ಗದ್ದಕ್ಕೆ ಒತ್ತಿ ನುಡಿಸುತ್ತಾರೆ. ನಮ್ಮವರು ನೆಲದ ಮೇಲೆ ಕುಳಿತು ಎದೆಗೂ ಪಾದಕ್ಕೂ ನಡುವೆ ಇಟ್ಟುಕೊಂಡರು, ತಂತಿಗಳ ಶ್ರುತಿಯನ್ನೂ ಷಡ್ಜ-ಪಂಚಮಕ್ಕೆ ಬದಲಿಸಿದರು. ಹಾಗೆ ಮಾಡಿದ್ದರಿಂದ ಪಿಟೀಲು ಹಾಳಾಗಲಿಲ್ಲ, ಕರ್ನಾಟಕ ಸಂಗೀತಕ್ಕೆ ಒಗ್ಗಿತು.

ಚೌಡಯ್ಯನವರಿಗೆ ಎದುರಾದ ತೊಂದರೆ ಬೇರೆ. ಆಗ ಕಚೇರಿಗಳಿಗೆ ಮೈಕ್ ಇರಲಿಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ನಟರೂ ಆ ಕಾಲದಲ್ಲಿ ಬರೀ ಕಂಠಬಲದಿಂದಲೇ ಕೊನೆಯ ಸಾಲಿನವರಿಗೆ ಮಾತು ಮುಟ್ಟಿಸಬೇಕಿತ್ತು. ಎತ್ತರದ ದನಿಯ ಗಾಯಕರ ಪಕ್ಕದಲ್ಲಿ ನಾಲ್ಕು ತಂತಿಯ ಪಿಟೀಲಿನ ನಾದ ದೊಡ್ಡ ಸಭೆಯ ಹಿಂಭಾಗಕ್ಕೆ ಸರಿಯಾಗಿ ಕೇಳುತ್ತಿರಲಿಲ್ಲ.

1927ರ ಸುಮಾರಿಗೆ ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲನ್ನು ವೇದಿಕೆಗೆ ತಂದರು. ಒಂದೇ ಕಮಾನು ಎಳೆತಕ್ಕೆ ಜೋಡಿ ತಂತಿಗಳು ಒಟ್ಟಿಗೆ ನುಡಿಯುತ್ತಿದ್ದವು.

ಹಾಗಾದರೆ ಸದ್ದು ದುಪ್ಪಟ್ಟಾಯಿತೇ? ವಿಜ್ಞಾನ ಇಲ್ಲ ಎನ್ನುತ್ತದೆ. ಒಂದರ ಜಾಗದಲ್ಲಿ ಅಷ್ಟೇ ಜೋರಿನ ಎರಡು ತಂತಿ ನುಡಿದರೂ ಹೆಚ್ಚುವುದು ಸುಮಾರು 3 ಡೆಸಿಬೆಲ್ ಮಾತ್ರ. ನಮ್ಮ ಕಿವಿಗೆ ಸದ್ದು ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಹೆಚ್ಚಬೇಕು. ಆದರೆ ಜೋಡಿ ತಂತಿಯ ನಾದ ತುಂಬಿಕೊಂಡಂತೆ ಕೇಳುತ್ತದೆ. ಒಬ್ಬರು ಹಾಡುವುದಕ್ಕೂ ಇಬ್ಬರು ಕೂಡಿ ಹಾಡುವುದಕ್ಕೂ ಇರುವ ವ್ಯತ್ಯಾಸವೇ ಇದು.

ಇದಕ್ಕೆ ಬೆಲೆಯೂ ಇದೆ. ಸಾಮಾನ್ಯ ಪಿಟೀಲಿನ ನಾಲ್ಕು ತಂತಿಗಳ ಎಳೆತವೇ ಒಟ್ಟು 20 ಕಿಲೋ ಮೀರುತ್ತದೆ. ಮೂರು ತಂತಿ ಸೇರಿದರೆ ಕತ್ತು, ಕುದುರೆ, ಮೇಲುಹಲಗೆ ಎಲ್ಲದರ ಮೇಲೂ ಒತ್ತಡ ಏರುತ್ತದೆ. ಜೋಡಿ ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ಒಂದೇ ಬೆರಳು ಎರಡು ತಂತಿಯನ್ನು ಸರಿಯಾದ ಜಾಗದಲ್ಲಿ ಒತ್ತಬೇಕು. ಈ ಕಷ್ಟವನ್ನು ಚೌಡಯ್ಯನವರು ಸಾಧನೆಯಿಂದ ಗೆದ್ದರು. ಚೆಂಬೈ ವೈದ್ಯನಾಥ ಭಾಗವತರಂಥ ತುಂಬು ಕಂಠದ ಗಾಯಕರಿಗೆ ಸಮಸಮನಾಗಿ ನುಡಿಸಿದರು.

1943ರಲ್ಲಿ ತೆರೆಕಂಡ 'ವಾಣಿ' ಚಿತ್ರದಲ್ಲಿ ಅಭಿನಯಿಸಿದರು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಪಡೆದರು. 1967ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ಇಂದಿಗೂ ಏಳು ತಂತಿಯ ಪಿಟೀಲಿನ ಆಕಾರದಲ್ಲೇ ನಿಂತಿದೆ. ಇಷ್ಟಾದರೂ ಇಂದು ಹೆಚ್ಚಿನ ವಿದ್ವಾಂಸರು ನುಡಿಸುವುದು ನಾಲ್ಕು ತಂತಿಯ ಪಿಟೀಲನ್ನೇ. ಮೈಕ್ ಬಂದ ಮೇಲೆ ಆ ಹಳೆಯ ತೊಂದರೆ ಉಳಿಯಲಿಲ್ಲ.

ಬೇಸ್ ಗಿಟಾರ್ ಹುಟ್ಟಿದ ಕಾರಣವೂ ಬಹುಮಟ್ಟಿಗೆ ಇದೇ. ಆಳೆತ್ತರದ ಡಬಲ್ ಬೇಸ್ ವಾದ್ಯ ದೊಡ್ಡ ಬ್ಯಾಂಡಿನ ಗದ್ದಲದಲ್ಲಿ ಕೇಳುತ್ತಿರಲಿಲ್ಲ, ಹೊತ್ತು ತಿರುಗುವುದೂ ಕಷ್ಟ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಅದಕ್ಕೆ ಬದಲಾಗಿ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದರು.

ಹಾಗಾಗಿ ಹಳೆಯ ಬೇಸ್‌ಗೆ ಕೈ ಹಾಕುವ ಮೊದಲು ಯಾವ ತೊಂದರೆ ನೀಗಬೇಕು ಎಂದು ಕೇಳಿಕೊಳ್ಳಿ. ತಂತಿ ಬದಲಿಸುವುದು, ಸಡಿಲವಾದ ಜ್ಯಾಕ್ ಬಿಗಿ ಮಾಡುವುದು ಮನೆಯಲ್ಲೇ ಆಗುವ ಕೆಲಸ. ತೆಗೆದ ಮೂಲ ಭಾಗಗಳನ್ನು ಎಸೆಯದೆ ಎತ್ತಿಡಿ. ಕತ್ತಿನೊಳಗಿನ ಕಬ್ಬಿಣದ ಸರಳನ್ನು ತಿರುಗಿಸಬೇಕಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಗುಂಯ್ ಎನ್ನುವ ಸದ್ದು ನಿಲ್ಲಲೆಂದು ಕೆಲವರು ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥ್ ಪಿನ್ ಮುರಿದುಹಾಕುತ್ತಾರೆ. ಸದ್ದು ನಿಲ್ಲಬಹುದು. ಆದರೆ ಒಳಗೆ ವೈರ್ ಕೆಟ್ಟರೆ ಕರೆಂಟ್ ಗಿಟಾರಿನ ತಂತಿಗೇ ಬರುತ್ತದೆ. ಒಂದು ಕೈ ತಂತಿಯ ಮೇಲೆ, ಇನ್ನೊಂದು ಮೈಕ್ ಮೇಲೆ ಇದ್ದರೆ ಅದು ಎದೆಯ ಮೂಲಕ ಹರಿದು ಪ್ರಾಣ ತೆಗೆಯಬಹುದು. ಆಂಪ್ಲಿಫೈಯರ್ ಬಿಚ್ಚುವುದೂ ಬೇಡ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಆ ಕೆಲಸ ಮೆಕ್ಯಾನಿಕ್‌ಗೆ ಬಿಡಿ.

ನಿಮ್ಮ ಊರಿನ ಆರ್ಕೆಸ್ಟ್ರಾ ಗೆಳೆಯರಿಗೆ ಇದನ್ನು ಕಳಿಸಿ. ಮುಂದಿನ ಕಾರ್ಯಕ್ರಮಕ್ಕೆ ಮೊದಲು ಆ ಮೂರನೇ ಪಿನ್ ಇದೆಯೇ ಎಂದು ನೋಡಿಕೊಳ್ಳಲಿ.